ಒಂದು ಕೆಟ್ಟರೂ ಬರಿದಾಗದ ಉಗ್ರಾಣ

ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಒಬ್ಬನೇ ಹೊತ್ತರೆ ಭಾರವಾಗುವುದು, ಹತ್ತು ಮಂದಿ ಹಂಚಿಕೊಂಡಾಗ ಕಡ್ಡಿಯಷ್ಟು ಹಗುರವಾಗುತ್ತದೆ. ಆದರೆ ಹೊರೆಯನ್ನು ಹೀಗೆ ಹಂಚಿದಾಗ ಇನ್ನೊಂದು ತೊಡಕೂ ಹುಟ್ಟುತ್ತದೆ. ಹತ್ತು ಮಂದಿಯಲ್ಲಿ ಯಾವನೊಬ್ಬನು ದಾರಿಯಲ್ಲಿ ಕೈಬಿಟ್ಟರೂ ಹೊರೆ ಪೂರ್ತಿಯಾಗಿ ಮನೆ ಸೇರುವುದಿಲ್ಲ. ಕೈಗಳು ಹೆಚ್ಚಿದಷ್ಟೂ ಕೆಲಸ ಬೇಗನೆ ಆಗುತ್ತದೆ, ನಿಜ. ಕೈಗಳು ಹೆಚ್ಚಿದಷ್ಟೂ ಅವುಗಳಲ್ಲಿ ಒಂದಾದರೂ ಸೋಲುವ ಸಂಭವವೂ ಹೆಚ್ಚುತ್ತದೆ. ಗಣಕಯಂತ್ರಗಳ ಹಾರ್ಡ್ ಡಿಸ್ಕುಗಳನ್ನು ಒಟ್ಟುಗೂಡಿಸಲು ಹೊರಟ ವಿಜ್ಞಾನಿಗಳು ಎದುರಿಸಿದ ಸಮಸ್ಯೆಯೂ ಇದೇ. ಅದಕ್ಕೆ ಅವರು ಕಂಡುಕೊಂಡ ಪರಿಹಾರದ ಹೆಸರು ‘ರೇಡ್’. ಅದರ ತಿರುಳನ್ನು ತಿಳಿಯಲು ಕೂಡುವುದು, ಕಳೆಯುವುದು ಬಂದರೆ ಸಾಕು.

ಒಂಟಿ ಡಿಸ್ಕಿನ ಮಿತಿ

ನಾವು ತೆಗೆದ ಭಾವಚಿತ್ರ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯಲ್ಲಿರುವ ರೋಗಿಯ ವಿವರ, ವಿದ್ಯಾರ್ಥಿಯ ಅಂಕಪಟ್ಟಿ, ಇವೆಲ್ಲವೂ ಗಣಕದೊಳಗೆ ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲುಗಳಾಗಿ ನೆಲೆಸಿರುತ್ತವೆ. ಇಂಥ ಒಂದೊಂದು ಅಂಕಿಯನ್ನೂ ‘ಬಿಟ್’ ಎಂದೂ, ಎಂಟು ಬಿಟ್ಟುಗಳ ಗುಂಪನ್ನು ‘ಬೈಟ್’ ಎಂದೂ ಕರೆಯುತ್ತಾರೆ. ಹಾರ್ಡ್ ಡಿಸ್ಕಿನಲ್ಲಿ ಈ ಬಿಟ್ಟುಗಳನ್ನು ಬರೆದಿಡುವುದು ಕಾಂತಗುಣವುಳ್ಳ ತೆಳುಲೇಪ ಬಳಿದ ಗುಂಡನೆಯ ತಟ್ಟೆಗಳ ಮೇಲೆ. ತಟ್ಟೆ ರಭಸದಿಂದ ತಿರುಗುತ್ತಿರುವಾಗ, ಒಂದು ತೋಳಿನ ತುದಿಯಲ್ಲಿರುವ ಪುಟ್ಟ ‘ಹೆಡ್’ ಅದರ ಮೇಲೆ ತೇಲುತ್ತ ಓದುವ ಮತ್ತು ಬರೆಯುವ ಕೆಲಸವನ್ನು ಮಾಡುತ್ತದೆ. ತಟ್ಟೆಗೂ ಹೆಡ್ಡಿಗೂ ನಡುವೆ ಇರುವ ಅಂತರ ಕೆಲವೇ ನ್ಯಾನೊಮೀಟರು. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಸಂದಿಯಲ್ಲಿ ಹೆಬ್ಬಂಡೆಯೇ ಸರಿ.

ಇಂಥ ಮೊದಲನೆಯ ಯಂತ್ರವನ್ನು ಐ.ಬಿ.ಎಂ. ಸಂಸ್ಥೆಯವರು ೧೯೫೬ರಲ್ಲಿ ಹೊರತಂದರು. ‘ರಾಮ್ಯಾಕ್’ ಎಂಬ ಆ ಗಣಕದ ಉಗ್ರಾಣದಲ್ಲಿ ಎರಡು ಅಡಿ ವ್ಯಾಸದ ೫೦ ತಟ್ಟೆಗಳಿದ್ದವು. ಅಷ್ಟೂ ತಟ್ಟೆಗಳಲ್ಲಿ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಈಗ ಅಂಗೈಯಗಲದ ಒಂದೇ ಡಿಸ್ಕಿನಲ್ಲಿ ೩೦ ಟೆರಾಬೈಟು, ಎಂದರೆ ೩೦ ಲಕ್ಷ ಕೋಟಿ ಬೈಟುಗಳು ಹಿಡಿಸುತ್ತವೆ. ಆದರೆ ಉಗ್ರಾಣ ಬೆಳೆದಷ್ಟು ಅದರ ಬಾಗಿಲು ಬೆಳೆಯಲಿಲ್ಲ. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸಲು ಸೆಕೆಂಡಿನ ೧೨೦ರಲ್ಲಿ ಒಂದು ಪಾಲು ಕಾಲ ಬೇಕು. ಬೇಕಾದ ಜಾಗಕ್ಕೆ ತೋಳು ಸರಿಯಬೇಕು. ಬೇಕಾದ ಬಿಟ್ಟು ಹೆಡ್ಡಿನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಜಾಗದಿಂದ ಓದಬೇಕಾದಾಗ ಒಂದು ಡಿಸ್ಕು ಸೆಕೆಂಡಿಗೆ ಸುಮಾರು ನೂರು ಕಡೆ ಮಾತ್ರ ಹೋಗಿ ಬರಬಲ್ಲದು. ಅದೇ ಸೆಕೆಂಡಿನಲ್ಲಿ ಗಣಕದ ಲೆಕ್ಕಮಾಡುವ ಭಾಗವು ೩೦೦ ಕೋಟಿ ಸಲ ಮಿಡಿದಿರುತ್ತದೆ. ಅಡಿಗೆಯವನು ಎಷ್ಟು ಚುರುಕಾಗಿದ್ದರೇನು, ಉಗ್ರಾಣದಿಂದ ಅಕ್ಕಿ ತರುವವನು ನಿಧಾನವಾದರೆ ಪಂಕ್ತಿಯಲ್ಲಿ ಕುಳಿತವರು ಕಾಯಲೇ ಬೇಕಷ್ಟೆ.

ಹಂಚಿದರೆ ವೇಗ

ಈ ತೊಡಕಿಗೆ ೧೯೮೮ರಲ್ಲಿ ಒಂದು ದಾರಿ ತೋರಿಸಿದವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್. ಆ ಕಾಲದಲ್ಲಿ ದೊಡ್ಡ ಗಣಕಗಳಿಗೆ ೧೪ ಅಂಗುಲ ವ್ಯಾಸದ, ಬಹು ಬೆಲೆಬಾಳುವ ಡಿಸ್ಕುಗಳನ್ನು ಜೋಡಿಸುತ್ತಿದ್ದರು. ಇನ್ನೊಂದು ಕಡೆ, ಮೇಜಿನ ಮೇಲಿಡುವ ಸಣ್ಣ ಗಣಕಗಳಿಗಾಗಿ ಮೂರೂವರೆ ಅಂಗುಲದ ಅಗ್ಗದ ಡಿಸ್ಕುಗಳು ಬಂದಿದ್ದವು. ದೊಡ್ಡ ಡಿಸ್ಕೊಂದರಲ್ಲಿ ೭,೫೦೦ ಮೆಗಾಬೈಟು ಹಿಡಿಸುತ್ತಿತ್ತು, ಸಣ್ಣದರಲ್ಲಿ ೧೦೦. ಹಾಗಾದರೆ ಒಂದು ದೊಡ್ಡದಕ್ಕೆ ಬದಲಾಗಿ ೭೫ ಸಣ್ಣವನ್ನು ಸಾಲಾಗಿ ನಿಲ್ಲಿಸಿ, ಗಣಕಕ್ಕೆ ಅವೆಲ್ಲವೂ ಒಂದೇ ಡಿಸ್ಕೆಂಬಂತೆ ತೋರುವ ಹಾಗೆ ಮಾಡಿದರೆ ಹೇಗೆ? ಇದು ಅವರ ಪ್ರಶ್ನೆ. ‘ಅಗ್ಗದ ಡಿಸ್ಕುಗಳ, ಹೆಚ್ಚುವರಿಯುಳ್ಳ ಪಂಕ್ತಿ’ ಎಂಬರ್ಥ ಕೊಡುವ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಸೇರಿಸಿ ಅವರು ಅದಕ್ಕೆ ರೇಡ್ ಎಂದು ಹೆಸರಿಟ್ಟರು. ‘ಹೆಚ್ಚುವರಿ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ಕಥೆಯೆಲ್ಲ ಅದರದೇ.

ಡಿಸ್ಕುಗಳನ್ನು ಜೋಡಿಸುವ ಅತಿ ಸರಳವಾದ ಕ್ರಮವೆಂದರೆ ಬರಹವನ್ನು ತುಂಡುತುಂಡಾಗಿ ಸೀಳಿ, ಮೊದಲ ತುಂಡನ್ನು ಮೊದಲ ಡಿಸ್ಕಿಗೆ, ಎರಡನೆಯದನ್ನು ಎರಡನೆಯದಕ್ಕೆ, ಹೀಗೆ ಸರದಿಯ ಮೇಲೆ ಹಂಚುತ್ತ ಹೋಗುವುದು. ಎಲ್ಲ ಡಿಸ್ಕುಗಳೂ ಏಕಕಾಲಕ್ಕೆ ಬರೆಯುವುದರಿಂದ ನಾಲ್ಕು ಡಿಸ್ಕುಗಳಿದ್ದರೆ ವೇಗವು ಹೆಚ್ಚುಕಡಮೆ ನಾಲ್ಕರಷ್ಟಾಗುತ್ತದೆ. ಈ ಕ್ರಮಕ್ಕೆ ಮುಂದೆ ‘ರೇಡ್ ಸೊನ್ನೆ’ ಎಂಬ ಹೆಸರು ಬಂದಿತು.

ಹೀಗೆ ಹಂಚುವುದು ಎಷ್ಟು ಅನಿವಾರ್ಯವಾಗಬಹುದೆಂಬುದಕ್ಕೆ ಖಗೋಳಶಾಸ್ತ್ರದಿಂದ ಒಂದು ನಿದರ್ಶನವನ್ನು ಕೊಡಬಹುದು. ಐದೂವರೆ ಕೋಟಿ ಜ್ಯೋತಿರ್ವರ್ಷಗಳಾಚೆ ಎಂ ೮೭ ಎಂಬ ನೀಹಾರಿಕೆಯ ನಡುವೆ ಇರುವ ಕೃಷ್ಣವಿವರದ ಚಿತ್ರವನ್ನು ಪಡೆಯಲು ೨೦೧೭ರ ಏಪ್ರಿಲಿನಲ್ಲಿ ಭೂಮಿಯ ಬೇರೆಬೇರೆ ಕಡೆಗಳ ಎಂಟು ರೇಡಿಯೊ ದೂರದರ್ಶಕಗಳು ಒಟ್ಟಾಗಿ ಆಕಾಶವನ್ನು ನೋಡಿದವು. ಒಂದೊಂದು ನೆಲೆಯಲ್ಲಿ ಸೆಕೆಂಡಿಗೆ ೩೨ ಗಿಗಾಬಿಟ್ಟಿನವರೆಗೆ, ಎಂದರೆ ೪೦೦ ಕೋಟಿ ಬೈಟು, ಹರಿದು ಬರುತ್ತಿತ್ತು. ಒಂದು ಡಿಸ್ಕು ಎಡೆಬಿಡದೆ ಬರೆದರೂ ಸೆಕೆಂಡಿಗೆ ಸುಮಾರು ೨೦ ಕೋಟಿ ಬೈಟನ್ನು ಬರೆಯಬಲ್ಲದು. ಆದ್ದರಿಂದ ಇಪ್ಪತ್ತಾದರೂ ಡಿಸ್ಕುಗಳು ಆ ಪ್ರವಾಹವನ್ನು ಒಟ್ಟಿಗೆ ಹಂಚಿಕೊಳ್ಳಲೇ ಬೇಕು. ಬರೆದು ತುಂಬಿದ ಡಿಸ್ಕುಗಳನ್ನು ವಿಮಾನದಲ್ಲಿ ಸಾಗಿಸಲಾಯಿತು. ದಕ್ಷಿಣ ಧ್ರುವದಲ್ಲಿದ್ದವು ಅಲ್ಲಿಯ ಚಳಿಗಾಲ ಮುಗಿದು ವಿಮಾನ ಇಳಿಯುವವರೆಗೆ ತಿಂಗಳುಗಟ್ಟಲೆ ಕಾದಿದ್ದವು. ೨೦೧೯ರ ಏಪ್ರಿಲ್ ೧೦ರಂದು ಜಗತ್ತು ಆ ಚಿತ್ರವನ್ನು ಕಂಡಿತು.

ಹಂಚಿದರೆ ಅಪಾಯ

ಇನ್ನು ನಾಣ್ಯದ ಮತ್ತೊಂದು ಮುಖವನ್ನು ನೋಡೋಣ. ೧೯೮೮ರ ಲೇಖನದಲ್ಲಿ ಒಂದು ಸಣ್ಣ ಡಿಸ್ಕು ಕೆಡುವ ಮುನ್ನ ಸರಾಸರಿ ೩೦,೦೦೦ ಗಂಟೆ ಬಾಳುತ್ತದೆಂದು ಲೆಕ್ಕ ಹಿಡಿದಿದ್ದರು. ಮೂರು ವರ್ಷಕ್ಕೂ ಮಿಕ್ಕಿದ ಆಯುಸ್ಸು, ದೂರಬೇಕಾದುದೇನೂ ಇಲ್ಲ. ಆದರೆ ಅಂಥ ನೂರು ಡಿಸ್ಕುಗಳನ್ನು ಸಾಲಾಗಿ ನಿಲ್ಲಿಸಿದರೆ, ಅವುಗಳಲ್ಲಿ ಯಾವುದಾದರೂ ಒಂದು ಕೆಡುವುದಕ್ಕೆ ಸರಾಸರಿ ೩೦೦ ಗಂಟೆ ಸಾಕು. ಹದಿಮೂರು ದಿನವೂ ಆಗಲಿಲ್ಲ! ಬರಹವನ್ನು ಸೀಳಿ ಹಂಚಿರುವುದರಿಂದ ಒಂದು ಕೆಟ್ಟರೆ ನೂರರಲ್ಲಿದ್ದುದೂ ಕೆಟ್ಟಂತೆಯೇ. ಪ್ರತಿ ನೂರನೆಯ ಪುಟ ಹರಿದುಹೋದ ಪುಸ್ತಕವಾದರೆ ಹೇಗೋ ಓದಬಹುದು, ಪ್ರತಿ ನೂರನೆಯ ಅಕ್ಷರಗುಚ್ಛ ಅಳಿದ ಲೆಕ್ಕಪತ್ರವನ್ನು ನಂಬುವವರಾರು? ವೇಗಕ್ಕಾಗಿ ಕಟ್ಟಿದ ಪಂಕ್ತಿ ಎರಡು ವಾರ ಬಾಳದಿದ್ದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಪ್ರತಿ ತೆಗೆಯುವುದು. ತಾಳೆಗರಿಯ ಕಾಲದಲ್ಲಿ ಗ್ರಂಥವು ಹುಳುವಿನ ಬಾಯಿಗೆ ಬೀಳುವ ಮುನ್ನ ಇನ್ನೊಂದು ಪ್ರತಿ ಮಾಡಿಡುತ್ತಿದ್ದರಷ್ಟೆ. ಹಾಗೆಯೇ ಪ್ರತಿಯೊಂದು ಡಿಸ್ಕಿಗೂ ಕನ್ನಡಿಯಂತೆ ಇನ್ನೊಂದನ್ನು ಇಟ್ಟು, ಬರೆಯುವುದನ್ನೆಲ್ಲ ಎರಡರಲ್ಲಿಯೂ ಬರೆಯುವುದು. ಇದು ‘ರೇಡ್ ಒಂದು’. ವಿಧಾನ ಸರಳ, ಭದ್ರತೆ ಬಲು ಚೆನ್ನು. ಆದರೆ ನೂರು ಡಿಸ್ಕಿನ ಬರಹಕ್ಕೆ ಇನ್ನೂರು ಡಿಸ್ಕುಗಳು ಬೇಕು. ಅರ್ಧ ಹಣವೆಲ್ಲ ಕಾವಲಿಗೇ ಹೋಯಿತು. ಇದಕ್ಕಿಂತ ಅಗ್ಗದ ಕಾವಲು ಉಂಟೆ?

ಮೊತ್ತದ ಮಹಿಮೆ

ಉಂಟು. ಶಾನುಭೋಗರ ಲೆಕ್ಕದ ಪುಸ್ತಕವನ್ನು ನೆನೆಯಿರಿ. ಮೂರು ಬಾಬುಗಳು, ಅವುಗಳ ಕೆಳಗೆ ಒಂದು ಮೊತ್ತ: ೫, ೮, ೩, ಒಟ್ಟು ೧೬. ಎಂಟರ ಮೇಲೆ ಮಸಿ ಚೆಲ್ಲಿತೆಂದಿಟ್ಟುಕೊಳ್ಳಿ. ಹದಿನಾರರಿಂದ ಐದನ್ನೂ ಮೂರನ್ನೂ ಕಳೆದರೆ ಎಂಟು ತಾನಾಗಿ ಹೊರಬರುತ್ತದೆ. ಮೂರು ಬಾಬುಗಳಿಗೂ ಮೂರು ಪ್ರತಿ ಬೇಕಾಗಲಿಲ್ಲ. ಒಂದೇ ಒಂದು ಮೊತ್ತವು ಮೂರರಲ್ಲಿ ಯಾವುದು ಅಳಿದರೂ ಅದನ್ನು ಮರಳಿ ಕೊಡಬಲ್ಲದಾಗಿತ್ತು.

ಗಣಕದಲ್ಲಿ ಈ ಮೊತ್ತವನ್ನು ಇನ್ನೂ ಸುಲಭಗೊಳಿಸಿದ್ದಾರೆ. ಅಲ್ಲಿರುವುದು ಸೊನ್ನೆ, ಒಂದು ಮಾತ್ರವಾದ್ದರಿಂದ, ಒಂದುಗಳ ಸಂಖ್ಯೆ ಸಮವೋ ಬೆಸವೋ ಎಂಬುದಷ್ಟನ್ನೇ ಬರೆದಿಟ್ಟರೆ ಸಾಕು. ಮೂರು ಡಿಸ್ಕುಗಳಲ್ಲಿ ಹೀಗಿದೆಯೆನ್ನೋಣ:

ಮೊದಲನೆಯದು: ೧ ೦ ೧ ೧
ಎರಡನೆಯದು: ೦ ೧ ೧ ೦
ಮೂರನೆಯದು: ೧ ೧ ೦ ೦
ಹೆಚ್ಚಿನದು: ೦ ೦ ೦ ೧

ಕೊನೆಯ ಡಿಸ್ಕನ್ನು ತುಂಬಿರುವ ನಿಯಮವೇನೆಂದರೆ, ಮೇಲಿಂದ ಕೆಳಕ್ಕೆ ಪ್ರತಿಯೊಂದು ಕಂಬಸಾಲಿನಲ್ಲಿಯೂ ಒಂದುಗಳ ಸಂಖ್ಯೆ ಸಮವಾಗಿರಬೇಕು. ಮೊದಲ ಕಂಬಸಾಲಿನಲ್ಲಿ ಆಗಲೇ ಎರಡು ಒಂದುಗಳಿವೆ, ಆದ್ದರಿಂದ ಸೊನ್ನೆ; ಕೊನೆಯದರಲ್ಲಿ ಒಂದೇ ಒಂದು ಇದೆ, ಆದ್ದರಿಂದ ಅದನ್ನು ಸಮಗೊಳಿಸಲು ಇನ್ನೊಂದು. ಈ ಹೆಚ್ಚಿನ ಬಿಟ್ಟಿಗೆ ‘ಪ್ಯಾರಿಟಿ’ ಎಂದು ಹೆಸರು. ಈಗ ಎರಡನೆಯ ಸಾಲನ್ನು ಬೆರಳಿನಿಂದ ಮುಚ್ಚಿ, ಉಳಿದ ಮೂರರಿಂದ ಅದನ್ನು ಕಂಡುಹಿಡಿಯಲು ವಾಚಕರು ಪ್ರಯತ್ನಿಸಲಿ. ಎಲ್ಲೆಲ್ಲಿ ಒಂದುಗಳು ಬೆಸವಾಗಿವೆಯೋ ಅಲ್ಲೆಲ್ಲ ಕಳೆದುಹೋದುದು ಒಂದು, ಸಮವಾಗಿರುವೆಡೆ ಸೊನ್ನೆ. ೦ ೧ ೧ ೦ ಎಂಬ ಉತ್ತರ ದೊರೆಯಿತಲ್ಲವೆ? ಲಕ್ಷ ಕೋಟಿ ಬಿಟ್ಟುಗಳಿರುವ ಡಿಸ್ಕು ಸತ್ತಾಗ ಯಂತ್ರವು ಮಾಡುವುದೂ ಇಷ್ಟೆ: ಹೊಸ ಡಿಸ್ಕೊಂದನ್ನು ಆ ಜಾಗಕ್ಕೆ ಸಿಕ್ಕಿಸಿದೊಡನೆ ಉಳಿದವನ್ನು ಓದುತ್ತ, ಸಮ ಬೆಸ ಎಣಿಸುತ್ತ, ಸತ್ತುದನ್ನು ಅಕ್ಷರಶಃ ಮತ್ತೆ ಬರೆಯುತ್ತದೆ.

ಇಲ್ಲಿ ಸೂಕ್ಷ್ಮವಾದ ಒಂದು ಅಂಶವುಂಟು. ಅಳಿದುದು ಯಾವ ಸಾಲು ಎಂಬುದು ಗೊತ್ತಿದ್ದರೆ ಮಾತ್ರ ಒಂದು ಮೊತ್ತ ಸಾಕಾಗುತ್ತದೆ. ಎಲ್ಲಿ ತಪ್ಪಾಗಿದೆಯೆಂಬುದೇ ತಿಳಿಯದಿದ್ದಾಗ ಅದನ್ನು ಹುಡುಕಿ ತಿದ್ದುವ ಸಂಕೇತವೊಂದನ್ನು ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ ೧೯೫೦ರಲ್ಲಿ ಪ್ರಕಟಿಸಿದ್ದರು; ಅದಕ್ಕೆ ಹೆಚ್ಚುವರಿ ಬಿಟ್ಟುಗಳು ಹೆಚ್ಚು ಬೇಕು. ಕೆಟ್ಟ ಡಿಸ್ಕಾದರೋ ತಾನು ಕೆಟ್ಟೆನೆಂದು ತಾನೇ ತೋರಿಸಿಕೊಡುತ್ತದೆ: ಅದು ತಿರುಗುವುದಿಲ್ಲ, ಇಲ್ಲವೆ ಉತ್ತರ ಕೊಡುವುದಿಲ್ಲ. ಹುಡುಕುವ ಶ್ರಮ ತಪ್ಪಿದುದರಿಂದಲೇ ಹತ್ತು ಡಿಸ್ಕುಗಳಿಗೆ ಒಂದೇ ಒಂದು ಹೆಚ್ಚಿನ ಡಿಸ್ಕು ಕಾವಲಾಗಿ ನಿಲ್ಲಬಲ್ಲದು. ಈ ಬಗೆಯ ಉಪಾಯಕ್ಕೆ ಐ.ಬಿ.ಎಂ.ನ ನಾರ್ಮನ್ ಕೆನ್ ಔಚಿ ಎಂಬವರು ೧೯೭೮ರಲ್ಲಿಯೇ ಪೇಟೆಂಟು ಪಡೆದಿದ್ದರು. ಬರ್ಕ್ಲಿಯ ಮೂವರು ಇಂಥ ಬಿಡಿ ಉಪಾಯಗಳನ್ನೆಲ್ಲ ಒಂದರಿಂದ ಐದರವರೆಗಿನ ಮೆಟ್ಟಲುಗಳಾಗಿ ಜೋಡಿಸಿ, ಲಾಭನಷ್ಟಗಳನ್ನು ಲೆಕ್ಕ ಹಾಕಿ ತೋರಿಸಿದರು.

ಅವರ ಐದನೆಯ ಮೆಟ್ಟಲಿನಲ್ಲಿ ಪ್ಯಾರಿಟಿಯನ್ನೆಲ್ಲ ಒಂದೇ ಡಿಸ್ಕಿನಲ್ಲಿಡದೆ ಸರದಿಯಂತೆ ಎಲ್ಲ ಡಿಸ್ಕುಗಳಿಗೂ ಹಂಚುತ್ತಾರೆ. ಏಕೆಂದರೆ ಯಾವ ಬಾಬು ಬದಲಾದರೂ ಮೊತ್ತವನ್ನು ತಿದ್ದಬೇಕು. ಮೊತ್ತವೆಲ್ಲ ಒಂದೇ ಕಡೆ ಇದ್ದರೆ ಎಲ್ಲರೂ ಅಲ್ಲಿಯೇ ಕಾಯಬೇಕಾಗುತ್ತದೆ. ಹಂಚಿದ ಮೇಲೂ ಒಂದು ತೆರಿಗೆ ಉಳಿದೇ ಉಳಿಯಿತು. ಸಣ್ಣದೊಂದು ತುಂಡನ್ನು ಬದಲಿಸಲು ಹಳೆಯ ತುಂಡು, ಹಳೆಯ ಪ್ಯಾರಿಟಿ ಇವೆರಡನ್ನು ಓದಿ, ಹೊಸ ತುಂಡು, ಹೊಸ ಪ್ಯಾರಿಟಿ ಇವೆರಡನ್ನು ಬರೆಯಬೇಕು. ಒಂದು ಕೆಲಸ ನಾಲ್ಕಾಯಿತು. ಭದ್ರತೆ ಬಿಟ್ಟಿಯಾಗಿ ಸಿಕ್ಕುವುದಿಲ್ಲ.

ಎರಡು ವಾರ ತೊಂಬತ್ತು ವರ್ಷವಾದ ಬಗೆ

ಕೊಟ್ಟ ತೆರಿಗೆಗೆ ಬಂದ ಪ್ರತಿಫಲವೆಷ್ಟು? ಹತ್ತು ಹತ್ತು ಡಿಸ್ಕಿಗೆ ಒಂದರಂತೆ ಪ್ಯಾರಿಟಿ ಸೇರಿಸಿದರೆ ನೂರು ಡಿಸ್ಕುಗಳು ನೂರಹತ್ತಾಗುತ್ತವೆ. ಆಗ ಯಾವುದಾದರೂ ಒಂದು ಕೆಡಲು ಸರಾಸರಿ ೨೭೩ ಗಂಟೆ ಬೇಕು. ಆದರೆ ಒಂದು ಕೆಟ್ಟರೆ ಬರಹ ಹೋಗುವುದಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಅದೇ ಗುಂಪಿನ ಉಳಿದ ಹತ್ತರಲ್ಲಿ ಇನ್ನೊಂದು ಕೆಟ್ಟರೆ ಮಾತ್ರ ಹೋಗುತ್ತದೆ. ಸರಿಪಡಿಸಲು ಒಂದು ಗಂಟೆಯೆಂದು ಹಿಡಿದರೆ, ಹಾಗಾಗುವ ಸಂಭವ ೩೦,೦೦೦ದಲ್ಲಿ ಹತ್ತು, ಎಂದರೆ ೩,೦೦೦ದಲ್ಲಿ ಒಂದು. ೨೭೩ ಗಂಟೆಗಳನ್ನು ೩,೦೦೦ದಿಂದ ಗುಣಿಸಿದರೆ ಎಂಟು ಲಕ್ಷ ಗಂಟೆಗೂ ಮಿಕ್ಕುತ್ತದೆ. ವರ್ಷಗಳಲ್ಲಿ ಹೇಳುವುದಾದರೆ ತೊಂಬತ್ತಕ್ಕೂ ಹೆಚ್ಚು! ಹತ್ತರಲ್ಲಿ ಒಂದು ಪಾಲು ಹೆಚ್ಚುವರಿಯು ಎರಡು ವಾರವೂ ಬಾಳದ ಪಂಕ್ತಿಗೆ ಮನುಷ್ಯನ ಪೂರ್ಣಾಯುಸ್ಸನ್ನು ತಂದುಕೊಟ್ಟಿತು.

ಆದರೆ ಗಣಿತದ ಉತ್ತರ ಅದರ ಊಹೆಗಳಷ್ಟೇ ಗಟ್ಟಿ. ಇಲ್ಲಿ ಎರಡು ಊಹೆಗಳಿದ್ದವು: ದುರಸ್ತಿ ಬೇಗ ಮುಗಿಯುತ್ತದೆ, ಮತ್ತು ಒಂದು ಡಿಸ್ಕಿನ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲ. ಕಾಲ ಕಳೆದಂತೆ ಎರಡೂ ಸಡಿಲವಾದವು. ೧೬ ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ ೨೦ ಕೋಟಿ ಬೈಟಿನಂತೆ ತುಂಬುವುದಕ್ಕೆ ೮೦,೦೦೦ ಸೆಕೆಂಡು, ಎಂದರೆ ೨೨ ಗಂಟೆ ಬೇಕು. ಅಷ್ಟು ಹೊತ್ತೂ ಪಂಕ್ತಿ ಕಾವಲಿಲ್ಲದೆ ನಿಂತಿರುತ್ತದೆ. ಎರಡನೆಯ ಊಹೆಯನ್ನು ಪರೀಕ್ಷಿಸಿದವರಲ್ಲಿ, ಮೊದಲ ಲೇಖನವನ್ನು ಬರೆದ ಮೂವರಲ್ಲಿ ಒಬ್ಬರಾದ ಗಿಬ್ಸನ್ನರೇ ಇದ್ದರೆಂಬುದು ವಿಜ್ಞಾನದ ಹಿರಿಮೆ. ಅವರೂ ಬಿಯಾಂಕಾ ಶ್ರೋಡರ್ ಅವರೂ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಯಾರಕರ ಅಂಕಿಗಳ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದಕ್ಕಿಂತ ಕಡಮೆ ಡಿಸ್ಕು ಕೆಡಬೇಕಾಗಿತ್ತು. ನಿಜವಾಗಿ ಎರಡರಿಂದ ನಾಲ್ಕನ್ನು ಬದಲಿಸುವುದು ಸಾಮಾನ್ಯವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದು ಕೆಟ್ಟ ಬೆನ್ನಿಗೇ ಇನ್ನೊಂದು ಕೆಡುವ ಸಂಭವ ಸರಳ ಲೆಕ್ಕ ಹೇಳುವುದಕ್ಕಿಂತ ಹೆಚ್ಚಾಗಿತ್ತು. ಆಶ್ಚರ್ಯಪಡಬೇಕಾಗಿಲ್ಲ, ಒಂದೇ ಪೆಟ್ಟಿಗೆಯೊಳಗೆ ಒಂದೇ ಬಿಸಿ, ಒಂದೇ ಅದುರುವಿಕೆ, ಒಂದೇ ವಿದ್ಯುತ್ತನ್ನು ಅನುಭವಿಸಿದವು ಒಟ್ಟಿಗೆ ಮುದಿಯಾಗುತ್ತವೆ.

ಆದ್ದರಿಂದ ದೊಡ್ಡ ಪಂಕ್ತಿಗಳಲ್ಲಿ ಎರಡು ಡಿಸ್ಕುಗಳು ಒಟ್ಟಿಗೆ ಸತ್ತರೂ ತಡೆಯುವ ‘ರೇಡ್ ಆರು’ ಬಳಕೆಗೆ ಬಂದಿತು. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಬೇಕೆಂಬುದನ್ನು ಶಾಲೆಯಲ್ಲಿ ಕಲಿತಿದ್ದೇವಲ್ಲ, ಅದೇ ತತ್ವ. ನಮ್ಮ ೫, ೮, ೩ಕ್ಕೆ ಮೊತ್ತ ೧೬ರ ಜೊತೆಗೆ ಇನ್ನೊಂದು ಮೊತ್ತವನ್ನು ಬರೆದಿಡೋಣ: ಮೊದಲನೆಯದರ ಒಂದರಷ್ಟು, ಎರಡನೆಯದರ ಎರಡರಷ್ಟು, ಮೂರನೆಯದರ ಮೂರರಷ್ಟು, ಒಟ್ಟು ೩೦. ಮೊದಲೆರಡು ಬಾಬುಗಳು ಅಳಿದುಹೋದರೂ ಮೂರನ್ನು ತಿಳಿದವನು ಐದನ್ನೂ ಎಂಟನ್ನೂ ಬಿಡಿಸಬಲ್ಲನು. ನಿಜವಾದ ಯಂತ್ರದಲ್ಲಿ ಮೊತ್ತ ಬೆಳೆದು ಬೈಟಿನ ಹೊರಗೆ ಚೆಲ್ಲದಂತೆ ಪರಿಮಿತ ಸಂಖ್ಯೆಗಳ ಒಂದು ವಿಶಿಷ್ಟ ಗಣಿತವನ್ನು ಬಳಸುತ್ತಾರೆ. ಅದಕ್ಕೆ ಅಡಿಪಾಯ ಹಾಕಿದವನು ೧೮೩೨ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮಡಿದ ಫ್ರೆಂಚ್ ತರುಣ ಎವರಿಸ್ತ್ ಗಾಲ್ವಾ. ನಮ್ಮ ಕಾಲೇಜು ವಿದ್ಯಾರ್ಥಿಗಳ ವಯಸ್ಸಿನವನೊಬ್ಬನ ಶುದ್ಧಗಣಿತ ಇಂದು ಜಗತ್ತಿನ ಉಗ್ರಾಣಗಳನ್ನು ಕಾಯುತ್ತಿದೆ.

ರೇಡ್ ಕಾಯದ ನಷ್ಟ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಕೊಡದಿದ್ದರೆ ಲೇಖನ ಅಪೂರ್ಣವಾದೀತು. ಡಿಸ್ಕು ಕೆಟ್ಟರೆ ರೇಡ್ ಕಾಪಾಡುತ್ತದೆ. ಮನುಷ್ಯನು ತಪ್ಪಿದರೆ ಕಾಪಾಡುವುದಿಲ್ಲ. ‘ಅಳಿಸು’ ಎಂಬ ಆಜ್ಞೆಯನ್ನು ಕನ್ನಡಿಯ ಡಿಸ್ಕೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ಪ್ಯಾರಿಟಿಯೂ ಅಳಿಸಿದುದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಬೆಂಕಿ, ಕಳವು, ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಮುಗಳು, ಇವುಗಳ ಮುಂದೆಯೂ ಅದು ನಿಸ್ಸಹಾಯಕ.

ಅಮೆರಿಕದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ೧೯೯೮ರಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಲನಚಿತ್ರ ಸಿದ್ಧವಾಗುತ್ತಿದ್ದಾಗ ಯಾರೋ ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ, ನೋಡನೋಡುತ್ತಿದ್ದಂತೆ ಚಿತ್ರದ ಕಡತಗಳು ಒಂದೊಂದಾಗಿ ಮಾಯವಾದವು. ಪ್ರತ್ಯೇಕವಾಗಿ ತೆಗೆದಿಟ್ಟಿದ್ದ ಪ್ರತಿಗಳನ್ನು ನೋಡಿದರೆ ಅವೂ ಸರಿಯಾಗಿರಲಿಲ್ಲ. ಕೊನೆಗೆ ನೆರವಾದುದು, ಎಳೆಯ ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರನಿರ್ದೇಶಕಿಯ ಮನೆಯ ಗಣಕದಲ್ಲಿದ್ದ ಇನ್ನೊಂದು ಪ್ರತಿ. ಆ ಗಣಕವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿಟ್ಟು, ಕಚೇರಿಗೆ ಜೋಪಾನವಾಗಿ ತಂದರು. ಚಿತ್ರ ಮರುವರ್ಷ ತೆರೆಕಂಡಿತು.

ಈ ಪ್ರಸಂಗದಿಂದ ನಾವು ಕಲಿಯಬೇಕಾದುದು ಎರಡು. ಬೆಲೆಯುಳ್ಳ ಬರಹಕ್ಕೆ ಬೇರೊಂದು ಸ್ಥಳದಲ್ಲಿ ಬೇರೊಂದು ಪ್ರತಿ ಇರಬೇಕು. ಮತ್ತು ಆ ಪ್ರತಿಯನ್ನು ಆಗಾಗ ತೆರೆದು ಓದಿ ನೋಡಬೇಕು. ತಿಳಿದವರು ಹೇಳುವ ಸೂತ್ರ ಹೀಗಿದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಪರಸ್ಥಳದಲ್ಲಿ. ವರ್ಷವೆಲ್ಲ ದುಡಿದು ಬರೆದ ಪ್ರಬಂಧವನ್ನಾಗಲಿ, ತೀರಿಕೊಂಡ ಅಜ್ಜಿಯ ಧ್ವನಿಮುದ್ರಣವನ್ನಾಗಲಿ ಒಂದೇ ಡಿಸ್ಕಿನಲ್ಲಿಟ್ಟು ನಿಶ್ಚಿಂತರಾಗಿರುವ ವಿದ್ಯಾರ್ಥಿಗಳು ಈ ಪುಟವನ್ನು ಮುಚ್ಚಿದೊಡನೆ ಆ ಕೆಲಸವನ್ನು ಮಾಡುವುದೊಳ್ಳೆಯದು.

ಡಿಸ್ಕುಗಳ ಪಂಕ್ತಿ ತೋರಿಸುವ ತತ್ವ ಕೊನೆಗೆ ಇಷ್ಟೆ. ಬರಿಯ ಸಂಖ್ಯೆಯಿಂದ ಬಲ ಬರುವುದಿಲ್ಲ. ಸಂಖ್ಯೆ ಹೆಚ್ಚಿದರೆ ಸೋಲುವ ದಾರಿಗಳೂ ಹೆಚ್ಚುತ್ತವೆ. ಒಬ್ಬನು ಬಿದ್ದಾಗ ಅವನ ಪಾಲನ್ನು ಉಳಿದವರು ನೆನಪಿನಿಂದ ತುಂಬಿಕೊಡುವಂತೆ ಮೊದಲೇ ಸ್ವಲ್ಪ ಹೆಚ್ಚಾಗಿ ಕೂಡಿಟ್ಟರೆ, ಆಗ ಅಗ್ಗದ, ನಶ್ವರವಾದ ಬಿಡಿಭಾಗಗಳಿಂದಲೂ ದೀರ್ಘಕಾಲ ಬಾಳುವ ವಸ್ತುವನ್ನು ಕಟ್ಟಬಹುದು. ಆ ಸ್ವಲ್ಪ ಹೆಚ್ಚಿಗೆ ಯಾವುದು, ಅದನ್ನು ಎಲ್ಲಿಡಬೇಕು ಎಂಬುದನ್ನು ಲೆಕ್ಕಹಾಕಿ ಹೇಳುವುದೇ ವಿಜ್ಞಾನದ ಕೆಲಸ.